ಹಾಲಿಲ್ಲದ ಬಿಸ್ಕೀಟು ಕೇಳಿದರೆ ನಗಬೇಡಿರಿ ಸಾಹುಕಾರ್ರೇ!

ಸಂಜೆ ಆರರ ಹೊತ್ತು. ಗಾಂಧಿ ಚೌಕಿನ ಹತ್ತಿರದ ಒಂದು ಕಿರಾಣಿ ಅಂಗಡಿ. ತಿಕೋಟಾ ಬಸ್ಸಿಗೆ ಹೊತ್ತಾಯಿತೆಂದು ಗಡಿಬಿಡಿಯಲ್ಲಿದ್ದ ಒಬ್ಬ ಹೆಣ್ಣುಮಗಳು, ಸೆರಗು ಹಿಡಿದು ನಿಂತಿದ್ದ ಐದಾರು ವರ್ಷದ ಮಗನನ್ನು ಮುಂದೆ ಮಾಡಿ ಕೇಳಿದಳು:

"ಕಾಕಾರ, ಹಾಲ್ ಹಾಕಲಾರದ ಬಿಸ್ಕೀಟ್ ಅದಾವೇನ್ರಿ?"

ಅಂಗಡಿಯವರು ನಕ್ಕೇ ಬಿಟ್ಟರು. "ಹಾಲಿಲ್ಲದ ಬಿಸ್ಕೀಟ್ ಎಲ್ಲೆರೆ ಇರ್ತಾವೇನವಾ ತಂಗಿ? ನೀರಿಲ್ಲದ ಬಾವಿ ಕೇಳಿದಂಗಾತು!"

"ನಗಬ್ಯಾಡ್ರಿ ಕಾಕಾರ. ಈ ಹುಡುಗಗ ಹಾಲ್ ಆಗಿ ಬರಂಗಿಲ್ಲ. ಒಂದೀಟು ಹೊಟ್ಟ್ಯಾಗ ಹೋದ್ರೂ ಮೈಯೆಲ್ಲಾ ದದ್ದು ಏಳ್ತಾವ. ಡಾಕ್ಟರು ಮುಟ್ಟಿಸಬ್ಯಾಡ ಅಂದಾರ."

ಅಂಗಡಿಯವರ ನಗು ನಿಂತಿತು. ಪಾಪ, ಕೆಟ್ಟ ಮನುಷ್ಯರಲ್ಲ. ಹಿಂದಿನ ಮಾಡಿನಿಂದ ಒಂದು ಪುಡಿಕೆ ತೆಗೆದು ಕೊಟ್ಟು, "ಇದನ್ನ ಒಯ್ಯವಾ. ಹಸರ ಚುಕ್ಕಿ ಅದ ನೋಡು, ಪ್ಯೂರ್ ವೆಜಿಟೇರಿಯನ್" ಎಂದರು. ಆಕೆ ರೊಕ್ಕ ತೆಗೆಯುತ್ತಿದ್ದಳು. ಪಕ್ಕದಲ್ಲಿ ನಿಂತಿದ್ದ ಕಾಲೇಜಿನ ಹುಡುಗಿಯೊಬ್ಬಳು ಪುಡಿಕೆ ತಿರುವಿ, ಹಿಂದಿನ ಸಣ್ಣ ಅಕ್ಷರ ಓದಿ, "ಯಕ್ಕಾ, ತಡೀರಿ. ಇದ್ರಾಗ ಹಾಲಿನ ಪುಡಿ ಅದ" ಎಂದಳು. ಆ ತಾಯಿ ಪುಡಿಕೆ ತಿರುಗಿ ಕೊಟ್ಟು, ಬರಿಗೈಲಿ ಬಸ್ಸಿಗೆ ಓಡಿದಳು.

ಈ ಅಂಕಣಕಾರ ಅಲ್ಲೇ ನಿಂತು ಇದೆಲ್ಲವನ್ನೂ ನೋಡಿದ. ಆ ಹುಡುಗಿ ಇಲ್ಲದಿದ್ದರೆ ಬಸ್ಸಿನಲ್ಲೇ ಏನಾಗುತ್ತಿತ್ತೋ! ಅದಕ್ಕೇ ಇವತ್ತು ಚರಂಡಿ, ದೀಪದ ಕಂಬ, ರಸ್ತೆಯ ತಗ್ಗು ಎಲ್ಲ ಬದಿಗಿಟ್ಟು ಬಿಸ್ಕೀಟಿನ ವಿಚಾರ ಬರೆಯುತ್ತಿದ್ದೇನೆ. ಇದು ಬಾಯಿ ಚಪಲದ ಮಾತು ಎಂದು ಪುಟ ತಿರುವಬೇಡಿರಿ. ಇದರಲ್ಲಿ ಅಂಗಡಿಕಾರರ ಮಾತಿನ ಬೆಲೆ ಇದೆ, ತಿಕೋಟಾ ರೈತರ ದ್ರಾಕ್ಷಿಯ ಬೆಲೆಯೂ ಇದೆ.

ಹಸಿರು ಚುಕ್ಕಿ ಏನು ಹೇಳುತ್ತದೆ?

ನಮ್ಮಲ್ಲಿ ಬಹಳ ಜನರ ತಿಳುವಳಿಕೆ ಏನೆಂದರೆ, ಹಸಿರು ಚುಕ್ಕಿ ಇದ್ದರೆ ಸಾಕು, ಎಲ್ಲರೂ ತಿನ್ನಬಹುದು. ಇದು ತಪ್ಪು. ಹಸಿರು ಚುಕ್ಕಿ ಹೇಳುವುದು ಇಷ್ಟೇ: ಇದರಲ್ಲಿ ಮಾಂಸ, ಮೀನು, ತತ್ತಿ ಇಲ್ಲ. ಹಾಲು, ಬೆಣ್ಣೆ, ತುಪ್ಪ, ಹಾಲಿನ ಪುಡಿ, ಜೇನು ಹಾಕಿದರೂ ನಮ್ಮ ಕಾಯ್ದೆಯ ಪ್ರಕಾರ ಆ ತಿನಿಸು ಸಸ್ಯಾಹಾರವೇ, ಚುಕ್ಕಿಯೂ ಹಸಿರೇ.

ಹಾಲು ಸಹ ಇಲ್ಲ ಎಂದು ಹೇಳುವ ಗುರುತು ಬೇರೆ ಇದೆ. ಅದು ಹಸಿರು ಬಣ್ಣದ ಇಂಗ್ಲಿಷ್ ವಿ ಅಕ್ಷರ, ಮೇಲೊಂದು ಎಲೆಯ ಚಿಗುರು. ದಿಲ್ಲಿಯ ಆಹಾರ ಸುರಕ್ಷತಾ ಪ್ರಾಧಿಕಾರ ಈ ಗುರುತನ್ನು 2021ರಲ್ಲಿ ಹೊರತಂದಿತು. 2022ರಲ್ಲಿ ಅದಕ್ಕೆ ನಿಯಮಾವಳಿಯೂ ಬಂತು. ಅಪ್ಪಣೆ ಇಲ್ಲದೆ ಯಾರೂ ಈ ಗುರುತನ್ನು ತಮ್ಮ ಮಾಲಿಗೆ ಒತ್ತುವ ಹಾಗಿಲ್ಲ. ಇಂಥ ತಿನಿಸಿಗೆ ವೀಗನ್ ಎನ್ನುತ್ತಾರೆ.

ಈ ಹೆಸರು ಹುಟ್ಟಿದ್ದು ಇಂಗ್ಲೆಂಡಿನಲ್ಲಿ, 1944ರ ನವೆಂಬರ್‌ನಲ್ಲಿ. ಡೊನಾಲ್ಡ್ ವಾಟ್ಸನ್ ಎಂಬವರು ನಾಲ್ಕಾರು ಜನ ಕೂಡಿಸಿ ವೀಗನ್ ಸೊಸೈಟಿ ಕಟ್ಟಿದರು. ಮಾಂಸ ಬಿಟ್ಟವರು ಹಾಲು, ಬೆಣ್ಣೆ, ತತ್ತಿಯನ್ನೂ ಬಿಡಬೇಕು, ಅದರಲ್ಲೂ ಪ್ರಾಣಿಗೆ ಹಿಂಸೆ ಇದೆ ಎಂಬುದು ಅವರ ವಾದ. ಇವತ್ತಿನ ವೀಗನ್ ಮಂದಿ ಜೇನನ್ನೂ ಮುಟ್ಟುವುದಿಲ್ಲ. 1994ರಿಂದ ನವೆಂಬರ್ 1ನೇ ತಾರೀಖನ್ನು ವಿಶ್ವ ವೀಗನ್ ದಿನವೆಂದು ಆಚರಿಸುತ್ತಾರೆ. ನಮಗೆ ಅದು ರಾಜ್ಯೋತ್ಸವದ ದಿನ. 2014ರಲ್ಲಿ ಬಿಜಾಪುರ ವಿಜಯಪುರ ಆದದ್ದೂ ಅದೇ ದಿನ. ಕಾಕತಾಳೀಯವೆಂದರೆ ಇದೇ!

ಈ ವಾದ ಒಪ್ಪುವುದು ಬಿಡುವುದು ಅವರವರ ಇಚ್ಛೆ. ಎಮ್ಮೆ ಸಾಕಿ, ಡೇರಿಗೆ ಹಾಲು ಹಾಕಿ ಮಕ್ಕಳನ್ನು ಓದಿಸುವವರು ನಮ್ಮ ಜಿಲ್ಲೆಯಲ್ಲಿ ಮನೆಮನೆಗೂ ಇದ್ದಾರೆ. ಅವರ ಹೊಟ್ಟೆಯ ಮೇಲೆ ಹೊಡೆಯುವ ಮಾತು ಇದಲ್ಲ. ಆದರೆ ಹಾಲು ಒಲ್ಲೆ ಎನ್ನುವವರು, ಹಾಲು ಒಗ್ಗದವರು ಇದ್ದಾರಲ್ಲ, ಅವರಿಗೆ ನಮ್ಮ ಅಂಗಡಿಯಲ್ಲಿ ಏನಿದೆ? ಬೆಂಗಳೂರು, ಪುಣೆ ಕಡೆಯಿಂದ ಬರುವ ಬಣ್ಣದ ಡಬ್ಬಿ ಇದೆ. ಒಳಗೆ ಹತ್ತು ಹನ್ನೆರಡು ಬಿಸ್ಕೀಟು, ಜೋಳದ್ದು, ಎಳ್ಳಿನದು, ಒಣದ್ರಾಕ್ಷಿಯದು. ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ.

ಜೋಳ, ಎಳ್ಳು, ಒಣದ್ರಾಕ್ಷಿ! ಇದೇನು ಲಂಡನ್ನಿನ ಮಾಲೇ ಮಹಾಶಯರೇ?

ನಮ್ಮವ್ವನ ಕುಸುಬಿ ಹಾಲು

ಹಾಲಿಲ್ಲದ ಸಿಹಿ ನಮಗೆ ಹೊಸದಲ್ಲ. ಶೇಂಗಾ ಹೋಳಿಗೆಯ ಹೂರಣದಲ್ಲಿ ಏನಿದೆ? ಶೇಂಗಾ, ಬೆಲ್ಲ, ಎಳ್ಳು, ಏಲಕ್ಕಿ. ಸಂಕ್ರಾಂತಿಗೆ ಸಜ್ಜಿ ರೊಟ್ಟಿಗೆ ಹಚ್ಚುವುದೇನು? ಎಳ್ಳು. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಊಟಕ್ಕೆ ಕೂತಾಗ ಬುತ್ತಿಯಲ್ಲಿ ಅಗಸಿ ಹಿಂಡಿ, ಗುರೆಳ್ಳ ಹಿಂಡಿ, ಶೇಂಗಾ ಹಿಂಡಿ ಇಲ್ಲದೆ ನಡೆದೀತೇ?

ಇದೆಲ್ಲಕ್ಕಿಂತ ದೊಡ್ಡದು ಕುಸುಬಿ ಹಾಲು. ಕುಸುಬಿ ಕಾಳು ನೆನೆಹಾಕಿ, ನೀರು ಬೆರೆಸಿ ರುಬ್ಬಿ, ಅರಿವೆಯಲ್ಲಿ ಹಿಂಡಿ ತೆಗೆದ ಬೆಳ್ಳನೆಯ ಹಾಲು. ಅದರಲ್ಲಿ ಗೋದಿ ಬೇಯಿಸಿ ಬೆಲ್ಲ ಹಾಕಿದರೆ ಕುಸುಬಿ ಹುಗ್ಗಿ. ನಿಮ್ಮ ಮನೆಯ ಆಯಿಯನ್ನು ಕೇಳಿ ನೋಡಿರಿ, ಹೆಸರು ಎತ್ತಿದರೆ ಬಾಯಲ್ಲಿ ನೀರು ಬರುತ್ತದೆ. ಪಟ್ಟಣದವರು ಬಾದಾಮಿ ಹಾಲು, ಓಟ್ಸ್ ಹಾಲು ಎಂದು ಡಬ್ಬಿಯಲ್ಲಿ ಕೊಳ್ಳುವ ಗಿಡದ ಹಾಲನ್ನು ನಮ್ಮ ಹೆಣ್ಣುಮಕ್ಕಳು ಯಾವ ಹೆಸರೂ ಇಡದೆ ಒಳಕಲ್ಲಿನಲ್ಲಿ ರುಬ್ಬಿ ತೆಗೆದಿದ್ದರು.

ಆದರೆ ಆ ಕುಸುಬಿ ಈಗ ಎಲ್ಲಿದೆ? ಒಂದು ಕಾಲಕ್ಕೆ ಹಿಂಗಾರಿ ಜೋಳದ ಹೊಲಕ್ಕೆ ಸುತ್ತಲೂ ಕುಸುಬಿಯ ಅಕ್ಕಡಿ ಸಾಲು ಇರುತ್ತಿತ್ತು. ಮುಳ್ಳಿನ ಗಿಡ, ದನ ಒಳಗೆ ನುಗ್ಗುವುದಿಲ್ಲ. ಬೇಲಿಯೂ ಆಯಿತು, ವರ್ಷದ ಎಣ್ಣೆಯೂ ಆಯಿತು. ಆ ಮುಳ್ಳಿನಿಂದಲೇ ಈಗ ಅದಕ್ಕೆ ಕುತ್ತು. ಬೆಳಗಿನ ಇಬ್ಬನಿಯಲ್ಲಿ ಮುಳ್ಳು ಮೆತ್ತಗಿರುವಾಗ ಕೈಗೆ ಅರಿವೆ ಸುತ್ತಿಕೊಂಡು ಕೀಳುವ ಆಳು ಸಿಗುವುದಿಲ್ಲ. ಪೇಟೆಯಲ್ಲಿ ಸಸ್ತಾ ಎಣ್ಣೆ ಬಂದ ಮೇಲೆ ಕೊಳ್ಳುವವರೂ ಕಡಿಮೆ. ಕೊಳ್ಳುವವರಿದ್ದರೆ ಬೆಳೆಯುವವರು ಇರುತ್ತಾರೆ, ಇದು ಅಂಗಡಿಕಾರರಿಗೆ ನಾನು ಹೇಳಿಕೊಡಬೇಕಾದ ಮಾತಲ್ಲ.

ತಿಕೋಟಾದ ಮಣೂಕ, ಬಬಲೇಶ್ವರದ ಜೋಳ

ಮರುದಿನ ನಾನೂ ತಿಕೋಟಾ ಬಸ್ಸು ಹಿಡಿದೆ. ಅಥಣಿ ರಸ್ತೆಗುಂಟ ಹೊರಟರೆ ಊರು ಮುಟ್ಟುವ ಮೊದಲೇ ಎರಡೂ ಕಡೆ ದ್ರಾಕ್ಷಿ ಪಡ, ನಡುವೆ ಹಸಿರು ಬಲೆ ಕಟ್ಟಿದ ಉದ್ದುದ್ದ ಶೆಡ್ಡು. ಬಸ್ಸಿನಲ್ಲಿ ದಿನಾ ಓಡಾಡುವವರಿಗೆ ಅದು ಏನೆಂದು ಗೊತ್ತು, ಆದರೂ ಹೇಳುತ್ತೇನೆ. ಬೀಜವಿಲ್ಲದ ಥಾಮ್ಸನ್ ಜಾತಿಯ ದ್ರಾಕ್ಷಿಯನ್ನು ಕೊಯ್ದು, ಪೊಟ್ಯಾಶಿಯಂ ಕಾರ್ಬೋನೇಟ್ ಮತ್ತು ಡಿಪ್ಪಿಂಗ್ ಎಣ್ಣೆ ಕಲಸಿದ ನೀರಿನಲ್ಲಿ ಅದ್ದಿ, ನೆರಳಿನ ಬಲೆಯ ಮೇಲೆ ಹರವುತ್ತಾರೆ. ಕಾಯಿಯ ಮೇಲಿನ ಮೇಣದಂಥ ಪೊರೆ ಸಡಿಲಾಗಿ ನೀರು ಬೇಗ ಆರುತ್ತದೆ. ಹವೆ ಒಳ್ಳೆಯದಿದ್ದರೆ ಹದಿನೈದು ದಿನದ ಆಸುಪಾಸು ಮಣೂಕ ತಯಾರು. ಸುಮಾರು 4 ಕಿಲೋ ಹಸಿ ದ್ರಾಕ್ಷಿಗೆ 1 ಕಿಲೋ ಒಣದ್ರಾಕ್ಷಿ.

ಆ ಹದಿನೈದು ದಿನದಲ್ಲಿ ಅಕಾಲಿಕ ಮಳೆ ಹೊಡೆಯಿತೋ, ಬಣ್ಣ ಕೆಟ್ಟಿತು, ದರ ಬಿತ್ತು. ಮಳೆ ಬಾರದೆ ಎಲ್ಲ ಚೆನ್ನಾದರೂ ಸಾಲಗಾರ ಬಾಗಿಲಲ್ಲಿ ನಿಂತಿದ್ದರೆ ಕೋಲ್ಡ್ ಸ್ಟೋರೇಜಿನಲ್ಲಿಟ್ಟು ದರಕ್ಕೆ ಕಾಯುವ ಧೈರ್ಯ ಯಾರಿಗಿದೆ? ಗಡಿಯಾಚೆಯ ತಾಸಗಾಂವ, ಸಾಂಗಲಿಯ ಸವಾಲಿಗೆ ಮಾಲು ಹೋಗುತ್ತದೆ; ಅಲ್ಲಿಂದ ದೇಶಕ್ಕೆಲ್ಲ. ಕಡೆಗೆ ಬಿಸ್ಕೀಟಿನ ಡಬ್ಬಿಯಲ್ಲಿ ನಾಲ್ಕು ಮಣೂಕವಾಗಿ ನಮ್ಮ ಅಂಗಡಿಗೇ ತಿರುಗಿ ಬಂದರೂ ಬಂದೀತು!

ಇಲ್ಲೊಂದು ಮಾತು ಬೇಕರಿಯವರು ಗಮನಿಸಬೇಕು. ಸವಾಲಿನಲ್ಲಿ ದರ ಸಿಗುವುದು ದಪ್ಪಗೆ, ಒಂದೇ ಬಣ್ಣಕ್ಕೆ ಇರುವ ಕಾಳಿಗೆ. ಸಣ್ಣದು, ಬಣ್ಣ ಕಂದಿದ್ದು ಅಗ್ಗ. ಬಿಸ್ಕೀಟಿಗೆ ಹೇಗೂ ಮಣೂಕ ಹೆಚ್ಚಿಯೇ ಹಾಕಬೇಕು, ಇಡಿಯಾಗಿ ಹಾಕಿದರೆ ಭಟ್ಟಿಯಲ್ಲಿ ಕರಕಾಗುತ್ತದೆ. ಸಣ್ಣ ಕಾಳಾದರೆ ಏನು ಬಾಧೆ? ಕೊಳೆತದ್ದು, ಬೂಸಲು ಬಂದದ್ದು ಮಾತ್ರ ಬೇಡ. ಚೆನ್ನಾಗಿ ತೊಳೆದು ಆರಿಸಿದರೆ ರುಚಿಯಲ್ಲಿ ಕೊರತೆ ಇಲ್ಲ.

ಇನ್ನು ಬಬಲೇಶ್ವರ. ಅದಕ್ಕೆ ತಿರುಗಿ ವಿಜಯಪುರಕ್ಕೆ ಬಂದು ಬೇರೆ ಬಸ್ಸು ಹತ್ತಿದೆ. ಸಾರವಾಡದ ಹತ್ತಿರ ಡೋಣಿ ದಾಟುತ್ತೀರಲ್ಲ, ಆ ದಂಡೆಯ ಎರಿ ಹೊಲದ ಬಿಳಿಜೋಳದ ಗುಣ ನಮ್ಮ ರೊಟ್ಟಿ ಬಡಿಯುವ ಕೈಗಳಿಗೆ ಗೊತ್ತು. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿದಾಗ ಜೋಳಕ್ಕೂ ಆ ಪಂಕ್ತಿಯಲ್ಲಿ ಮಣೆ ಸಿಕ್ಕಿತು. ಹೀಗೆ ಹಿಟ್ಟು ಬಬಲೇಶ್ವರದ್ದು, ಮಣೂಕ ತಿಕೋಟಾದ್ದು, ಶೇಂಗಾ ಎಳ್ಳು ಸುತ್ತಲಿನದು. ಲಿಂಬೆ ಬೇಕೆಂದರೆ ಜಿಐ ಮಾನ್ಯತೆ ಪಡೆದ ಇಂಡಿಯದು. ಭಟ್ಟಿ ಎಲ್ಲಿಯದು? ವಿಜಯಪುರದ್ದು!

ಭಟ್ಟಿ ಹಳೆಯದು, ಯುಕ್ತಿ ಹೊಸದು

ಈಗ ಐವತ್ತು ದಾಟಿದವರಿಗೆ ನೆನಪಿರಬಹುದು. ಸೂಟಿಯಲ್ಲಿ, ಹಬ್ಬದ ಮುಂದೆ, ಮನೆಯಿಂದ ಮೈದಾ, ಸಕ್ಕರೆ, ಡಾಲ್ಡಾ ಒಯ್ದು ಬೇಕರಿಯಲ್ಲಿ ಕೊಟ್ಟರೆ, ಕೂಲಿ ತೆಗೆದುಕೊಂಡು ಡಬ್ಬಿ ತುಂಬ ನಾನಖಟಾಯಿ ಮಾಡಿ ಕೊಡುತ್ತಿದ್ದರು. ಬಿಸಿ ಡಬ್ಬಿ ತಲೆಯ ಮೇಲೆ ಹೊತ್ತು ಬರುವಾಗ ಓಣಿಯೆಲ್ಲ ಏಲಕ್ಕಿ ಘಮ.

ಆ ನಾನಖಟಾಯಿಗೆ ಹಾಲು, ಮೊಸರು ಬೆರೆಸದಿದ್ದರೆ ಅದೂ ಒಂದು ಲೆಕ್ಕಕ್ಕೆ ವೀಗನ್ನೇ. ಡಾಲ್ಡಾ ಎಂದರೆ ಗಟ್ಟಿ ಮಾಡಿದ ಗಿಡದೆಣ್ಣೆ, ತುಪ್ಪವಲ್ಲ. ಆದರೆ ಎಣ್ಣೆಯನ್ನು ಹಾಗೆ ಗಟ್ಟಿ ಮಾಡುವಾಗ ಟ್ರಾನ್ಸ್ ಫ್ಯಾಟ್ ಎಂಬ ಕೆಟ್ಟ ಕೊಬ್ಬು ಹುಟ್ಟುತ್ತದೆ, ಅದು ಹೃದಯಕ್ಕೆ ಶತ್ರು ಎಂದು ವೈದ್ಯರು ಸಾರಿ ಹೇಳಿದರು. ಎಣ್ಣೆ, ವನಸ್ಪತಿಗಳಲ್ಲಿ ಅದು ಶೇಕಡಾ 2ಕ್ಕಿಂತ ಹೆಚ್ಚು ಇರಬಾರದೆಂಬ ನಿಯಮ 2022ರ ಜನವರಿ 1ರಿಂದ ಜಾರಿಗೆ ಬಂದಿದೆ. ಆದ್ದರಿಂದ ವೀಗನ್ ಎಂದ ಮಾತ್ರಕ್ಕೆ ಅದು ಔಷಧ ಎಂದು ತಿಳಿಯಬೇಡಿರಿ. ಬೆಲ್ಲ ಹಾಕಿದರೂ ಸಕ್ಕರೆ ಬ್ಯಾನಿಯವರಿಗೆ ಅದು ಸಿಹಿಯೇ.

ಹಾಗಾದರೆ ಡಾಲ್ಡಾ ಬಿಟ್ಟು, ಬೆಣ್ಣೆ ಬಿಟ್ಟು, ತತ್ತಿ ಬಿಟ್ಟು ಬಿಸ್ಕೀಟು ಕೂಡುವುದು ಹೇಗೆ? ಯುಕ್ತಿ ನಮ್ಮ ಹಿಂಡಿಯ ಡಬ್ಬಿಯಲ್ಲೇ ಇದೆ. ಅಗಸಿ ಪುಡಿಯನ್ನು ನೀರಿನಲ್ಲಿ ನೆನೆಹಾಕಿ ಹತ್ತು ನಿಮಿಷ ಬಿಟ್ಟರೆ ಲೋಳೆಯಾಗುತ್ತದೆ. ತತ್ತಿ ಮಾಡುವ ಅಂಟಿನ ಕೆಲಸ ಅದು ಮಾಡುತ್ತದೆ. ಸೋಡಾಕ್ಕೆ ಲಿಂಬೆ ರಸ ಸೇರಿದರೆ ಗುಳ್ಳೆ ಎದ್ದು ಬಿಸ್ಕೀಟು ಹಗುರಾಗುತ್ತದೆ. ಜೋಳದ ಹಿಟ್ಟಿಗೆ ಗೋದಿಯ ಜಿಗುಟಿಲ್ಲ, ಬರೀ ಜೋಳವಾದರೆ ಪುಡಿಪುಡಿಯಾಗಿ ಉದುರುತ್ತದೆ. ಅದಕ್ಕೆ ಒಂದಿಷ್ಟು ಗೋದಿ ಹಿಟ್ಟು ಬೇಕು.

ಅಳತೆ ಬರೆದುಕೊಳ್ಳಿರಿ. ಜೋಳದ ಹಿಟ್ಟು 150 ಗ್ರಾಂ, ಗೋದಿ ಹಿಟ್ಟು 100 ಗ್ರಾಂ, ಬೆಲ್ಲದ ಪುಡಿ 100 ಗ್ರಾಂ, ಕುಸುಬಿ ಎಣ್ಣೆ ಇಲ್ಲವೆ ಶೇಂಗಾ ಎಣ್ಣೆ 100 ಮಿ.ಲೀ. ಹುರಿದು ಸಿಪ್ಪೆ ತೆಗೆದು ತರಿಯಾಗಿ ಕುಟ್ಟಿದ ಶೇಂಗಾ 50 ಗ್ರಾಂ, ಹೆಚ್ಚಿದ ಮಣೂಕ 50 ಗ್ರಾಂ, ಹುರಿದ ಬಿಳಿ ಎಳ್ಳು ಎರಡು ಚಮಚ. ಅಗಸಿ ಪುಡಿ ಒಂದು ದೊಡ್ಡ ಚಮಚ, ಅದಕ್ಕೆ ಮೂರು ಚಮಚ ನೀರು. ಮಸಾಲೆಗೆ ಏಲಕ್ಕಿ ನಾಲ್ಕು, ಲವಂಗ ಎರಡು, ಒಣಶುಂಠಿ ಪುಡಿ ಅರ್ಧ ಸಣ್ಣ ಚಮಚ. ಉಪ್ಪು ಚಿಟಿಕೆ, ತಿನ್ನುವ ಸೋಡಾ ಕಾಲು ಸಣ್ಣ ಚಮಚ, ಲಿಂಬೆ ರಸ ಒಂದು ಸಣ್ಣ ಚಮಚ.

ಮೊದಲು ಹಿಟ್ಟು, ಉಪ್ಪು, ಸೋಡಾ, ಮಸಾಲೆ ಕೂಡಿಸಿ, ಎಣ್ಣೆ ಹಾಕಿ ಕೈಯಿಂದ ತಿಕ್ಕಿರಿ. ಎಣ್ಣೆ ಹಿಟ್ಟಿಗೆ ಹತ್ತಿದರೇನೇ ಬಿಸ್ಕೀಟು ಖಸ್ತಾ ಆಗುವುದು. ಆಮೇಲೆ ಬೆಲ್ಲ, ಅಗಸಿ ಲೋಳೆ, ಶೇಂಗಾ, ಎಳ್ಳು, ಮಣೂಕ, ಕಡೆಗೆ ಲಿಂಬೆ ರಸ. ಮುಷ್ಟಿ ಕಟ್ಟಿದರೆ ಉಂಡಿ ನಿಲ್ಲಬೇಕು. ನಿಲ್ಲದಿದ್ದರೆ ಎರಡು ಚಮಚ ಕುಸುಬಿ ಹಾಲು ಸಿಂಪಡಿಸಿರಿ. ಚಪಾತಿ ಕಣಕದಂತೆ ನಾದಬೇಡಿರಿ, ಗಟ್ಟಿಯಾಗುತ್ತದೆ. ಉಂಡಿ ಚಪ್ಪಟೆ ಮಾಡಿ 170 ಡಿಗ್ರಿ ಶಾಖದಲ್ಲಿ 15ರಿಂದ 18 ನಿಮಿಷ. ಓವನ್ ಇಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಉಪ್ಪು ಹರವಿ ಕಾಯಿಸಿ, ಸ್ಟ್ಯಾಂಡಿನ ಮೇಲೆ ತಾಟಿಟ್ಟು, ಮುಚ್ಚಿ, ಸಣ್ಣ ಉರಿಯಲ್ಲಿ 25 ನಿಮಿಷ ಬಿಡಬಹುದು. ತೆಗೆದಾಗ ಮೆತ್ತಗೆ ಇರುತ್ತದೆ, ಬೇಯಲಿಲ್ಲವೆಂದು ಮತ್ತೆ ಒಳಗೆ ಇಡಬೇಡಿರಿ. ಆರಿದ ಮೇಲೆ ಕಟುಂ ಎನ್ನುತ್ತದೆ.

ನಮ್ಮ ಮನೆಯಲ್ಲಿ ಮೊದಲ ಸಲ ಅಂಚು ಕರಕಾಯಿತು. ಬೆಲ್ಲ ಸಕ್ಕರೆಗಿಂತ ಬೇಗ ಹತ್ತುತ್ತದೆ. ಎರಡನೇ ಸಲ ಉರಿ ತಗ್ಗಿಸಿದೆವು. ಮೂರನೇ ಸಲ ಡಬ್ಬಿ ಎರಡು ದಿನ ಬಾಳಲಿಲ್ಲ.

ಮಾತು ಮಾತ್ರ ಖರೇ ಇರಬೇಕು

ಇಷ್ಟೆಲ್ಲ ಹೇಳಿ ಮುಖ್ಯ ಮಾತು ಬಿಟ್ಟರೆ ಆ ಹುಡುಗನಿಗೆ ಅನ್ಯಾಯವಾದೀತು. ಹಾಲು ಒಗ್ಗದಿರುವುದರಲ್ಲಿ ಎರಡು ಬಗೆ. ಒಂದು, ಹಾಲಿನ ಸಕ್ಕರೆ ಅರಗದೆ ಹೊಟ್ಟೆ ಉಬ್ಬರಿಸುವುದು, ಬೇಧಿಯಾಗುವುದು. ಇದು ತ್ರಾಸು ಕೊಡುತ್ತದೆ, ಆದರೆ ಜೀವಕ್ಕೆ ಅಪಾಯವಲ್ಲ. ಇನ್ನೊಂದು, ಹಾಲಿನ ಪ್ರೋಟೀನಿಗೆ ಮೈ ತಿರುಗಿ ಬೀಳುವ ಅಲರ್ಜಿ. ದದ್ದು, ಬಾವು, ಉಸಿರು ಕಟ್ಟುವುದು. ಇದಕ್ಕೆ ಚಿಟಿಕೆ ಹಾಲಿನ ಪುಡಿಯೂ ಸಾಕು.

ಬೇಕರಿಯಲ್ಲಿ ಬೆಣ್ಣೆ ಬಿಸ್ಕೀಟು ಬೆಂದ ಪತ್ರಾದ ಮೇಲೆಯೇ ಹಾಲಿಲ್ಲದ ಬಿಸ್ಕೀಟು ಬೇಯಿಸಿದರೆ? ಕಲಸುವ ಪಾತ್ರೆ ಒಂದೇ ಆದರೆ? ವ್ರತಕ್ಕಾಗಿ, ಮನಸ್ಸಿಗಾಗಿ ಹಾಲು ಬಿಟ್ಟವರು ಅಷ್ಟನ್ನು ಸಹಿಸಿಯಾರು. ಅಲರ್ಜಿ ಇದ್ದ ಮಗುವಿಗೆ ಅದು ವಿಷ. ಆದ್ದರಿಂದ ಪಾತ್ರೆ, ಪತ್ರಾ, ಡಬ್ಬಿ ಬೇರೆ ಇಟ್ಟವರು ಮಾತ್ರ ಹಾಲಿಲ್ಲ ಎಂದು ಹೇಳಬೇಕು. ಬೇರೆ ಇಲ್ಲದಿದ್ದರೆ ಬಾಯಿಬಿಟ್ಟು ಹೇಳಿರಿ: "ಯಕ್ಕಾ, ಹಾಲ್ ಹಾಕಿಲ್ಲ ಖರೇ, ಆದ್ರ ಅದೇ ಭಟ್ಟ್ಯಾಗ ಬೆಣ್ಣಿದೂ ಮಾಡ್ತೀವಿ." ಒಂದು ಗಿರಾಕಿ ಹೋದೀತು, ನಿಮ್ಮ ಮೇಲಿನ ವಿಶ್ವಾಸ ಹೋಗುವುದಿಲ್ಲ. ಹಾಗೆಯೇ ಶೇಂಗಾ, ಎಳ್ಳು, ಗೋದಿ ಇದೆ ಎಂಬುದನ್ನೂ ಚೀಟಿಯಲ್ಲಿ ಬರೆಯಿರಿ. ಶೇಂಗಾ ಆಗಿ ಬಾರದವರೂ ಇರುತ್ತಾರೆ. ಮನೆಯಲ್ಲಿ ಮಾಡಿ ಮಾರುವ ಅಕ್ಕಂದಿರೂ ಆಹಾರ ಸುರಕ್ಷತೆಯ ನೋಂದಣಿ ಮಾಡಿಸಲೇಬೇಕು, ನಾಳೆ ತಕರಾರು ಬರುವುದಿಲ್ಲ.

ಬಿಸ್ಕೀಟಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 18ರಿಂದ 5ಕ್ಕೆ ಇಳಿದಿದೆ. ದೊಡ್ಡ ಕಂಪನಿಯವರಿಗಷ್ಟೇ ಅದರ ಲಾಭ ಏಕೆ ಆಗಬೇಕು? ಒಂದು ಬೇಕರಿಯವರು ವಾರಕ್ಕೊಂದು ದಿನ, ಭಟ್ಟಿ ಪಾತ್ರೆ ತೊಳೆದ ದಿನ, ಮೊದಲ ಹೊಸೆಯನ್ನು ಹಾಲಿಲ್ಲದ ಬಿಸ್ಕೀಟಿಗೆ ಮೀಸಲಿಡಲಿ. ಹಿಂದಿನಂತೆ ಮನೆಯ ಹಿಟ್ಟು, ಮನೆಯ ಎಣ್ಣೆ ತಂದವರಿಗೆ ಕೂಲಿಗೆ ಮಾಡಿ ಕೊಡಲಿ. ತಿಕೋಟಾ, ಬಬಲೇಶ್ವರದ ಮಹಿಳಾ ಸಂಘಗಳು ರೊಟ್ಟಿ, ಹಿಂಡಿ ಮಾಡಿ ಮಾರಿದಂತೆ ಇದನ್ನೂ ಮಾಡಲಿ. ಊರಿನ ಮಣೂಕವೆಲ್ಲ ಇದರಲ್ಲೇ ಕರಗೀತೆಂದು ನಾನು ಹೇಳುವುದಿಲ್ಲ. ಆದರೆ ಸವಾಲಿನಲ್ಲಿ ಯಾರೂ ಕೇಳದ ಹತ್ತು ಬಾಕ್ಸು ಇಲ್ಲೇ ಖರ್ಚಾದರೆ ಒಬ್ಬ ರೈತನ ಆ ತಿಂಗಳ ಬಡ್ಡಿ ಮುಟ್ಟೀತು.

ಆ ಕಿರಾಣಿ ಅಂಗಡಿಯವರನ್ನು ಮೊನ್ನೆ ಮತ್ತೆ ಕಂಡೆ. ಪುಡಿಕೆ ತಿರುವಿ, ಕನ್ನಡಕ ಮೂಗಿನ ತುದಿಗೆ ಇಳಿಸಿ, ಹಿಂದಿನ ಸಣ್ಣ ಅಕ್ಷರ ಓದುತ್ತಾ ಕೂತಿದ್ದರು. "ಏನ್ ಸಾಹುಕಾರ್ರ, ಪರೀಕ್ಷಾಕ್ಕ ಕುಂತೀರೇನು?" ಎಂದೆ.

"ಹೂಂ ನೋಡ್ರಿ. ಆ ತಿಕೋಟಾದ ತಂಗಿ ಮತ್ತ ಬಂದ್ರ ಬರಿಗೈಲಿ ಕಳಸಬಾರ್ದು ಅಂತ. ಇಪ್ಪತ್ತು ನಮೂನಿ ನೋಡಿದೆ, ಎಲ್ಲಾದ್ರಾಗೂ ಹಾಲ್ ಅದ. ನೀವ್ ಅಂದ ಆ ಜ್ವಾಳದ ಬಿಸ್ಕೀಟ್ ಯಾರರೆ ಮಾಡಿ ಕೊಟ್ರ ಹೇಳ್ರಿ, ಬ್ಯಾರೆ ಬರಣಿ ತೊಳದು ಇಟ್ಟೀನಿ."

ಗಲ್ಲೆಯ ಪಕ್ಕದಲ್ಲಿ ಬರಣಿ ಖಾಲಿ ಇದೆ. ತುಂಬುವವರು ಯಾರು?